ಬಣ್ಣದ ಅಡಿಯ ಕತ್ತಲು

ಒಂದಾನೊಂದು ಊರಿನಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ ಇದ್ದರು. ಅಣ್ಣ ಮುಟ್ಟಿದ್ದು ಹೊಳೆಯುತ್ತಿತ್ತು, ತಂಗಿ ಮುಟ್ಟಿದ್ದು ಬೆಳಗುತ್ತಿತ್ತು. ಊರಿನ ಕಣ್ಣಿಗೆ ಹೊಳಪು ಬಿತ್ತು. ಬೆಳಕು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅಜ್ಜಿಯ ಕತೆಯಾಗಿದ್ದರೆ ಇಂಥ ತಂಗಿಗೆ ಕೊನೆಗೆ ಅರ್ಧ ರಾಜ್ಯವಾದರೂ ಸಿಗುತ್ತಿತ್ತು. ಈ ತಂಗಿಗೆ ಸಿಕ್ಕಿರುವುದು ಮನೆಯ ಪಕ್ಕದಲ್ಲೊಂದು ತಗಡಿನ ಶೆಡ್ಡು, ಮೂಗಿನ ತುದಿಯಲ್ಲೊಂದು ಕೋಪ.

ಓಣಿಯವರು ಅವಳನ್ನು ಫ್ಯೂಸಕ್ಕ ಅನ್ನುತ್ತಾರೆ. ಬೆಳಗಿನ ಜಾವ, ಇನ್ನೂ ಮಸುಕು. ಗೋಡೆಗೆ ಮುಖ ಮಾಡಿ ನಿಂತ ಹಳೆಯ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಗೋಡೆಯ ಮೇಲೆ ಹೆಡ್‌ಲೈಟಿನ ಎರಡು ದುಂಡನೆಯ ಬೆಳಕು. ಒಮ್ಮೆ ಉರಿಯುತ್ತವೆ, ಒಮ್ಮೆ ನಡುಗುತ್ತವೆ, ಒಮ್ಮೆ ಆರಿಯೇ ಹೋಗುತ್ತವೆ.

"ನೋಡು ಇದರ ವಯ್ಯಾರ. ಬೀದಿ ತುದೀಲಿ ನಿಂತು ಹೋಗೋ ಬರೋರಿಗೆಲ್ಲ ಕಣ್ಣು ಹೊಡೆಯೋ ಪೋಲಿ ಥರ," ತನ್ನಷ್ಟಕ್ಕೇ ಅನ್ನುತ್ತಾಳೆ. ನಗುವುದಿಲ್ಲ.

ಕಾರು ಹೆರಿಗೆ ಮಾಡಿಸುವ ನರ್ಸಮ್ಮನದು. ಊರಾಚೆಯ ಮನೆಗಳಿಂದ ಕರೆ ಬಂದರೆ ಹೊತ್ತುಗೊತ್ತು ನೋಡದೆ ಹೊರಡುವವರು. ಮುಂಭಾಗ ನಜ್ಜಾಗಿದ್ದ ಕಾರನ್ನು ಫ್ಯೂಸಕ್ಕನ ಅಣ್ಣ ತನ್ನ ಗ್ಯಾರೇಜಿನಲ್ಲಿ ತಟ್ಟಿ, ನೇರ ಮಾಡಿ, ಕನ್ನಡಿಯಂತೆ ಬಣ್ಣ ಹೊಡೆದುಕೊಟ್ಟ. ಅಂದಿನಿಂದ ಲೈಟು ಮಿಟುಕುತ್ತಿದೆ. ಅವನು ಬಲ್ಬು ಬದಲಿಸಿದ. ಮತ್ತೆ ಮಿಟುಕಿತು. ಮತ್ತೆ ಬಲ್ಬು ಬದಲಿಸಿದ. ಹೋದ ವಾರ ಕಲ್ಲು ಕ್ವಾರಿಯ ತಿರುವಿನಲ್ಲಿ ಎರಡೂ ಲೈಟು ಒಟ್ಟಿಗೆ ಆರಿದವು. ಹಿಂದಿನ ಸೀಟಿನಲ್ಲಿ ನೋವು ತಿನ್ನುತ್ತಿದ್ದ ಹೆಂಗಸು. ನರ್ಸಮ್ಮ ಬ್ರೇಕ್ ಒತ್ತಿ, ಕತ್ತಲಲ್ಲಿ ಕುಳಿತು, ಲೈಟು ತಾನಾಗಿ ಬರುವವರೆಗೆ ಕಾದರು.

"ಎತ್ತಿಗೆ ಜ್ವರ, ಎಮ್ಮೆಗೆ ಬರೆ," ಫ್ಯೂಸಕ್ಕ ಹಲ್ಲು ಕಡಿಯುತ್ತಾಳೆ. "ನನ್ನ ಹತ್ರ ತರಬಾರದಾ ಅಂದ್ರೆ, ಬಲ್ಬ್ ಹಾಕೋಕೆ ನೀನ್ಯಾಕೆ ಬೇಕು ಅಂದ. ಆ ತಿರುವಲ್ಲಿ ಏನಾದ್ರೂ ಆಗಿದ್ರೆ?"

ಗ್ಯಾರೇಜನ್ನು ಅಣ್ಣತಂಗಿ ಸೇರಿಯೇ ಶುರು ಮಾಡಿದ್ದು. ಅವಳು ಬಾನೆಟ್ಟಿನೊಳಗೆ ತಲೆ ಹಾಕಿದ್ದನ್ನು ಕಂಡ ಗಿರಾಕಿಗಳು "ಅಣ್ಣ ಬರ್ಲಿ, ಕಾಯ್ತೀವಿ" ಅನ್ನುತ್ತಿದ್ದರು. ಅಣ್ಣ ಅವರಿಗೆ ಎದುರಾಡಲಿಲ್ಲ. ತಂಗಿಯನ್ನೇ ಮನೆಗೆ ಕಳಿಸಿದ. ಈಗ ವೈರಿಂಗಿನ ತಂಟೆಯ ಗಾಡಿಗಳೆಲ್ಲ ಸಂಜೆ ಅವಳ ಶೆಡ್ಡಿಗೆ ಬರುತ್ತವೆ, ಬೆಳಗ್ಗೆ ಅವನ ಅಂಗಳಕ್ಕೆ ಮರಳುತ್ತವೆ. ಹೊಗಳಿಕೆ ಅವನಿಗೆ, ಕೈಗೆ ಮಸಿ ಇವಳಿಗೆ. ಇಡೀ ಊರಿನ ಗಾಡಿಗಳು ದಾರಿ ಕಾಣುವುದು ಈ ಕೈಯಿಂದ; ಆ ಕೈಯನ್ನು ತಗಡಿನ ಹಿಂದೆ ಬಚ್ಚಿಟ್ಟವರಲ್ಲಿ ಊರೂ ಇದೆ.

ಕ್ವಾರಿಯ ಸುದ್ದಿ ಕೇಳಿದವಳು ನಿನ್ನೆ ನೇರ ಗ್ಯಾರೇಜಿಗೆ ನಡೆದಿದ್ದಾಳೆ. ಅಣ್ಣನ ಎದುರೇ ನರ್ಸಮ್ಮನಿಗೆ ಹೇಳಿದ್ದಾಳೆ: "ಕಾರು ಇವತ್ತು ನನ್ನ ಹತ್ರ ಇರ್ಲಿ. ನಾಳೆ ಬೆಳಗ್ಗೆ ನಮ್ಮ ಮನೆ ಗೇಟಿಗೆ ಬನ್ನಿ, ಇಲ್ಲಿಗಲ್ಲ. ಇನ್ನೊಂದು ಸಲ ಮಿಟುಕಿದ್ರೆ ನನ್ನನ್ನು ಕೇಳಿ." ಇಷ್ಟು ವರ್ಷದಲ್ಲಿ ಅವಳು ತನ್ನ ಬಾಯಿಂದ ಕೊಟ್ಟ ಮೊದಲ ಮಾತು.

ಕತೆಯ ರಾಕ್ಷಸನ ಪ್ರಾಣ ರಾಕ್ಷಸನೊಳಗೆ ಇರುವುದಿಲ್ಲ, ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಅದಕ್ಕೇ ಅವಳು ಬಲ್ಬಿನ ಕಡೆ ನೋಡುವುದೇ ಇಲ್ಲ. ಫ್ಯೂಸು ನೋಡಿದ್ದಾಳೆ, ಸ್ವಿಚ್ಚು ನೋಡಿದ್ದಾಳೆ, ವೈರುಗಳನ್ನು ಒಂದೊಂದಾಗಿ ಅಲುಗಿಸಿದ್ದಾಳೆ. ಈಗ ಒಂದು ತುಂಡು ವೈರು ತೆಗೆದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಲೈಟಿನ ಕರೆಂಟನ್ನು ಕಾರಿನ ಲೋಹದ ಮೈಗೆ ಮರಳಿಸುವ ಅರ್ತ್ ವೈರಿಗೆ ಹಿಡಿಯುತ್ತಾಳೆ. ಗೋಡೆಯ ಮೇಲಿನ ಬೆಳಕು ನಡುಕ ಬಿಟ್ಟು ಗಕ್ಕನೆ ಸ್ಥಿರವಾಗಿ ನಿಲ್ಲುತ್ತದೆ. ವೈರು ತೆಗೆದರೆ ಮತ್ತೆ ನಡುಕ.

ಎರಡೂ ಲೈಟಿನ ಅರ್ತ್ ವೈರು ಬಂದು ಸೇರುವ ಬೋಲ್ಟಿಗೆ ಟಾರ್ಚು ಬಿಡುತ್ತಾಳೆ. ಬೋಲ್ಟು ಕೂತಿರುವುದು ಬರಿಯ ಲೋಹದ ಮೇಲಲ್ಲ, ಅಣ್ಣ ಹೊಡೆದ ದಪ್ಪ ಬಣ್ಣದ ಮೇಲೆ. ಬಣ್ಣ ದಾಟಿ ಕರೆಂಟು ನೆಟ್ಟಗೆ ಹೋಗುವುದಿಲ್ಲ; ಕಾರು ಅಲುಗಿದಾಗೆಲ್ಲ ತಪ್ಪಿಹೋಗುತ್ತದೆ.

ಅಷ್ಟರಲ್ಲಿ ಅಣ್ಣನೇ ಬರುತ್ತಾನೆ. ಅವಳು ಬೋಲ್ಟು ಬಿಚ್ಚಿ, ಬಣ್ಣ ಕೆರೆಯುವ ಎಮರಿ ಪೇಪರನ್ನು ಅವನ ಕೈಗೆ ತುರುಕುತ್ತಾಳೆ.

"ಕೆರಿ."

"ಹೊಸ ಬಣ್ಣ ಕಣೇ. ಫ್ಯಾಕ್ಟರಿಯೋರಿಗೂ ಇಂಥ ಫಿನಿಶಿಂಗ್ ಬರಲ್ಲ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಹಿಂದಿನ ಸೀಟಲ್ಲಿ ನಿನ್ನ ಹೆಂಡ್ತೀನೇ ಇದ್ದಿದ್ರೆ? ಆಗ್ಲೂ ಫಿನಿಶಿಂಗ್ ಅಂತಿದ್ದೆಯಾ?"

"ನೀನೇ ಕೆರಿ ಮತ್ತೆ. ನಿನ್ನ ಕೆಲಸ ಅಲ್ವಾ?"

"ಬಣ್ಣ ನಿಂದು. ಕೆರೆಯೋದೂ ನಿಂದೇ."

ಅಣ್ಣ ಬಾಗುತ್ತಾನೆ. ಕರ್ ಕರ್ ಸದ್ದು. ಬಣ್ಣದ ಪುಡಿ ಅವನ ಇಸ್ತ್ರಿ ಅಂಗಿಯ ತೋಳಿಗೆ ಉದುರುತ್ತದೆ. ನಾಣ್ಯದಷ್ಟು ಜಾಗದಲ್ಲಿ ಬೆಳ್ಳಗೆ ಲೋಹ ಕಾಣುವವರೆಗೂ ಅವಳು ಟಾರ್ಚು ಸರಿಸುವುದಿಲ್ಲ. ಆಮೇಲೆ ಬೋಲ್ಟು ಕೂರಿಸಿ, ಸ್ಪ್ಯಾನರಿನಿಂದ ಬಿಗಿದು, ತುಕ್ಕು ಹಿಡಿಯದಂತೆ ಬೆರಳಲ್ಲಿ ಗ್ರೀಸು ಸವರುತ್ತಾಳೆ.

ಗೇಟಿನ ಚಿಲಕದ ಸದ್ದು. ನರ್ಸಮ್ಮ ಚೀಲದೊಂದಿಗೆ ನಿಂತಿದ್ದಾರೆ. ಕ್ವಾರಿಯಾಚೆಯಿಂದಲೇ ಕರೆ ಬಂದಿದೆ. ರೂಢಿಯಂತೆ ಅವರ ಕಣ್ಣು ಅಣ್ಣನತ್ತ ಹೋಗುತ್ತದೆ.

"ಸರಿ ಹೋಯ್ತಾ?"

ಅಣ್ಣ ರೂಢಿಯಂತೆ ಬಾಯಿ ತೆರೆಯುತ್ತಾನೆ. ತೋಳಿನ ಮೇಲಿನ ಪುಡಿಯನ್ನು ನೋಡಿಕೊಳ್ಳುತ್ತಾನೆ. "ಅವಳನ್ನು ಕೇಳಿ," ಅನ್ನುತ್ತಾನೆ.

ಫ್ಯೂಸಕ್ಕ ಎಂಜಿನ್ ಶುರು ಮಾಡಿ, ಲೈಟು ಹಾಕಿ, ಬಾನೆಟ್ಟನ್ನು ದಢಾರನೆ ಮುಚ್ಚುತ್ತಾಳೆ. ಬಂಪರಿಗೆ ಮೊಣಕಾಲಿಂದ ಒಂದು ಗುದ್ದು, ಇನ್ನೊಂದು ಗುದ್ದು. ಇಷ್ಟು ವರ್ಷದ ಸಿಟ್ಟೆಲ್ಲ ಅದರಲ್ಲಿದೆ. ಇಡೀ ಕಾರು ಅಲುಗುತ್ತದೆ. ಗೋಡೆಯ ಮೇಲಿನ ಬೆಳಕು ಮಿಟುಕುವುದಿಲ್ಲ.

"ಹೊರಡಿ ನರ್ಸಮ್ಮ," ಅನ್ನುತ್ತಾಳೆ. "ತಿರುವಲ್ಲಿ ಇದು ಕಣ್ಣು ಮುಚ್ಚಲ್ಲ."