ಓಣಿಯ ಕಟ್ಟೆಗಳನ್ನು ಅಳೆದ ದಿನ

ಜತ್ತಿಗೆ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದೆ. ಮನೆ ಮುಂದಿನ ಕಲ್ಲುಕಟ್ಟೆಯ ಮೇಲೆ ಗುರುತಿಲ್ಲದ ಗಂಡಸೊಬ್ಬ ಕುಳಿತು ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ತಂತಿ ಟುಂಯ್ ಟುಂಯ್ ಅನ್ನುತ್ತಿತ್ತು. ಅರಳೆಯ ಧೂಳು ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಯಾರಪ್ಪಾ ನೀನು ಎಂದು ಕೇಳಿದೆ. ಆತ ಏಳಲಿಲ್ಲ. ಒಂದಿಷ್ಟು ಸರಿದು, "ಬರ್ರಿ, ಕುಂದ್ರಿ" ಅಂದ. ನನ್ನ ಬಾಗಿಲಲ್ಲಿ ನನಗೇ ಕರೆ.

ತುಮಕೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿ ಗಂಟೆ ಬಾರಿಸಿದವಳು ನಾನು. ನಿವೃತ್ತಿಯಾದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಗಡಿಯಾಚೆ ಮಹಾರಾಷ್ಟ್ರದ ಈ ಜತ್ತಿನ ಕಿರಾಣಿ ವ್ಯಾಪಾರಿಯ ಮನೆ ಸೇರಿದ್ದ ಮಗಳ ಹತ್ತಿರವಿರಲು ಬಂದೆ. ಅವಳ ಮನೆಯಲ್ಲಿ ಇರಲಿಲ್ಲ. ನನ್ನ ವೇಳಾಪಟ್ಟಿಗೆ ಇನ್ನೊಬ್ಬರ ಮನೆ ಒಗ್ಗುವುದಿಲ್ಲ. ಪಕ್ಕದ ಓಣಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದೆ.

ನಮ್ಮ ತುಮಕೂರಿನ ಕಡೆ ಜಗಲಿ ಮನೆಯವರದು. ಕೂರುವವರು ಕೇಳಿ ಕೂರುತ್ತಾರೆ. ಇಲ್ಲಿ ಹಾಗಲ್ಲ. ಬಾಗಿಲಿನ ಒಳಗಿನದು ಮನೆಯವರದು, ಹೊರಗಿನ ಕಟ್ಟೆ ಓಣಿಯದು. ಕಟ್ಟಿಸಿದವರು, ಸಾರಿಸುವವರು ಮನೆಯವರೇ. ಆದರೆ "ನಮ್ಮ ಕಟ್ಟೆ" ಎಂದು ಬಾಯಿ ಬಿಟ್ಟು ಹೇಳಿದರೆ ಕುಳಿತವರನ್ನು ಎಬ್ಬಿಸಿದ ಹಾಗೆ. ಈ ನಿಯಮ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಜೋಳದ ರೊಟ್ಟಿ ಬಡಿಯಲು ಇನ್ನೊಂದು ವರ್ಷ. ಮರಾಠಿ ಇನ್ನೂ ಪೂರ್ತಿ ಬಂದಿಲ್ಲ.

ಹತ್ತಿ ಹಿಂಜುವ ಹುಸೇನಸಾಬನ ಮನೆ ಓಣಿಯ ತುದಿಯಲ್ಲಿತ್ತು. ಒಂದೇ ಕೋಣೆ, ಬಾಗಿಲು ತೆರೆದರೆ ಗಟಾರ. ಗಾದಿ ಹರವಿ ಕೆಲಸ ಮಾಡಲು ಅವನಿಗೆ ನನ್ನ ಮುಂದಿನ ಕಟ್ಟೆಯಷ್ಟು ಅಗಲದ್ದು ಬೇರೆಲ್ಲೂ ಇರಲಿಲ್ಲ. ಮೊಣಕಾಲು ನೋವಿನವನು; ಹಳ್ಳಿ ತಿರುಗುವುದನ್ನು ಬಿಟ್ಟಿದ್ದ. ನನ್ನನ್ನು "ಬಾಯಾರ" ಅನ್ನುತ್ತಿದ್ದ. ಸಾಲೆಯ ಶಿಕ್ಷಕಿಯರನ್ನು ಇಲ್ಲಿ ಹಾಗೆ ಕರೆಯುತ್ತಾರೆ. "ಗಡಿಯಾರ ಯಾಕ ಬೇಕ್ರಿ ಓಣಿಗೆ? ಬಾಯಾರ ಬಾಗಲಾ ತಗದ್ರ ಆರು ಹೊಡದಂಗ" ಎಂದು ಎಲ್ಲರ ಎದುರಿಗೇ ಹೇಳಿ ನಗುತ್ತಿದ್ದ.

ನಾಲ್ಕನೆಯ ವರ್ಷ ಮೈಸೂರಿನಿಂದ ಕಾಲೇಜು ಮಕ್ಕಳು ಅಧ್ಯಯನ ಪ್ರವಾಸಕ್ಕೆ ಬಂದರು. ಊರುಗಳ ವಿನ್ಯಾಸ ಕಲಿಯುವವರು. ಒಬ್ಬೊಬ್ಬರಿಗೆ ಒಂದೊಂದು ಓಣಿ, ಒಂದೇ ದಿನ. ನಮ್ಮ ಓಣಿಗೆ ಬಂದವಳು ಸುಷ್ಮಾ. "ಅಜ್ಜಿ, ಸ್ವಲ್ಪ ನೀರು ಕೊಡ್ತೀರಾ?" ಎಂದಳು. ನಾಲ್ಕು ವರ್ಷದ ಮೇಲೆ ನಮ್ಮ ಕಡೆಯ ಕನ್ನಡ ಬಾಗಿಲಿಗೆ ಬಂದಿತ್ತು. ನೀರು ಕೊಟ್ಟೆ, ತಿಂಡಿ ಕೊಟ್ಟೆ, ಆಮೇಲೆ ಅವಳ ದಿನಕ್ಕೆ ವೇಳಾಪಟ್ಟಿ ಬರೆದುಕೊಟ್ಟೆ. ಎಂಟಕ್ಕೆ ಸಂಸ್ಥಾನದ ಕಾಲದ ವಾಡೆ. ಒಂಬತ್ತೂವರೆಗೆ ಪೇಟೆ. ಹನ್ನೊಂದರಿಂದ ಅಳತೆ.

"ನಮ್ಮ ಮೇಡಂಗಿಂತ ಸ್ಟ್ರಿಕ್ಟು ನೀವು!" ಅಂದಳು. ಆದರೂ ವೇಳಾಪಟ್ಟಿ ತಪ್ಪಲಿಲ್ಲ. ವಾಡೆಯ ಬಾಗಿಲಿನ, ಪೇಟೆಯ ತಿರುವಿನ ಚಿತ್ರ ಬರೆದುಕೊಂಡಳು. ರಸ್ತೆ ಎಂದರೆ ಬರೀ ಓಡಾಡುವ ಜಾಗವಲ್ಲ, ಜನ ಎಲ್ಲಿ ನಿಲ್ಲುತ್ತಾರೆ ಎಂದು ನೋಡಬೇಕು ಎಂದು ನನಗೆ ಪಾಠ ಹೇಳಿದಳು. ಬುದ್ಧಿವಂತ ಹುಡುಗಿ.

ಓಣಿಯಲ್ಲಿ ನಾನು ಟೇಪಿನ ತುದಿ ಹಿಡಿದೆ. ಅವಳ ಅಕ್ಷರ ಕಾಗೆಕಾಲು. ಪಟ್ಟಿಯನ್ನು ನಾನೇ ಬರೆದೆ. ಮನೆ, ಕಟ್ಟೆಯ ಉದ್ದ, ಅಗಲ, ಎತ್ತರ. ಕೊನೆಯ ಕಾಲಂ, ಯಾರದು.

"ಈ ಕಟ್ಟೆ ಯಾರ್ದು?" ಎಂದು ಅವಳು ಎದುರು ಮನೆಯ ಶಿವಲಿಂಗಪ್ಪನನ್ನು ಕೇಳಿದಳು.

"ಓಣೀದವ್ವಾ. ಮತ್ಯಾರದು? ಕುಂಡ್ರು ಬಾ."

ಎಲ್ಲ ಮನೆಯಲ್ಲೂ ಅದೇ ಉತ್ತರ. ಕೊನೆಗೆ ನನ್ನ ಕಡೆ ತಿರುಗಿ, "ನಿಮ್ದು, ಅಜ್ಜಿ?" ಅಂದಳು. ಹುಸೇನಸಾಬ ಬಿಲ್ಲು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. "ಓಣೀದು" ಅಂದೆ, ಅವರ ಹಾಗೆಯೇ. "ಬಾಯಾರ ಪಾಸಾದ್ರು!" ಎಂದು ಅವನು ಕೂಗಿದ. ಎಲ್ಲರೂ ನಕ್ಕರು. ನಾನು ಆ ಕಾಲಮಿನ ಉದ್ದಕ್ಕೂ "ಸಾರ್ವಜನಿಕ" ಎಂದು ದುಂಡಗೆ ಬರೆದೆ. ಮೂವತ್ತು ವರ್ಷ ರಿಜಿಸ್ಟರು ಬರೆದವಳು; ಕಾಗದದ ಮೇಲೆ ಆ ಮಾತಿಗೆ ಏನರ್ಥ ಎಂದು ಆ ಓಣಿಯಲ್ಲಿ ತಿಳಿಯಬೇಕಿದ್ದವಳು ನಾನೊಬ್ಬಳೇ.

ಸುಷ್ಮಾ ಸಂಜೆ ನಕಾಶೆಯ ಒಂದು ಪ್ರತಿಯನ್ನು, ಪಟ್ಟಿಯ ಸಮೇತ, ರಸ್ತೆ ಕೆಲಸ ನೋಡುವ ಕಚೇರಿಗೆ ಸೌಜನ್ಯಕ್ಕೆಂದು ಕೊಟ್ಟು ಹೋದಳು.

ಮಳೆಗಾಲ ಕಳೆದ ಮೇಲೆ ನೋಟೀಸು ಬಂತು. ಅಳಿಯ ಮರಾಠಿಯಿಂದ ಓದಿ ಹೇಳಿದ. ಓಣಿ ಅಗಲವಾಗಲಿದೆ. ಕಟ್ಟೆಗಳು ಸಾರ್ವಜನಿಕ ಎಂದು ನಿವಾಸಿಗಳೇ ಹೇಳಿದ್ದಾರೆ. ತಕರಾರಿದ್ದವರು ಎಂಟು ದಿನದೊಳಗೆ ತಮ್ಮ 'ಮಾಲಕಿ', ಅಂದರೆ ಒಡೆತನ, ಬರೆದು ಕೊಡಬೇಕು. ಜೊತೆಗಿದ್ದ ಪಟ್ಟಿಯಲ್ಲಿ ನನ್ನ ಅಕ್ಷರ.

ಮೊದಲು ನನ್ನ ಮನೆಯ ಮಾಲೀಕನ ಬಳಿ ಹೋದೆ. ಊರೆಲ್ಲ ಬಿಟ್ಟದ್ದನ್ನು ನಾನೊಬ್ಬ ಹಿಡಿಯಲೇ ಎಂದ. ಆಮೇಲೆ 'ಈ ಕಟ್ಟೆ ನನ್ನದು' ಎಂಬ ಅರ್ಜಿಗಳನ್ನು ಬರೆದುಕೊಂಡು ಮನೆಮನೆಗೆ ಹೋದೆ. ಅವರ ಸಹಿಯಷ್ಟೇ ಬೇಕಿತ್ತು. ಶಿವಲಿಂಗಪ್ಪ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ.

"ನಂದು ಅಂತ ಬರದರ ಕುಂತಾಂವಗ ಏಳು ಅಂದಂಗ ಆಗತದ್ರಿ. ನಾಳಿ ಹುಸೇನನ ಮುಂದ ಯಾವ ಮಾರಿ ಹೊತ್ತ ಹೋಗ್ಲಿ?"

"ಅವನ ಕೆಲಸದ ಜಾಗ ಉಳಿಯೋಕೇ ಇದು."

"ಖರೆ ಅದ. ಆದ್ರ ಕೈ ಏಳವಲ್ದು."

ಹುಸೇನಸಾಬನನ್ನೇ ಕೇಳಿದೆ, ನೀನಾದರೂ ಅವರಿಗೆ ಹೇಳು ಎಂದು. ಅವನು ಹಿಂಜಿದ ಹತ್ತಿಯನ್ನು ಕೈಯಲ್ಲಿ ಒತ್ತುತ್ತ ಹೇಳಿದ: "ನನ್ನ ಸಲುವಾಗಿ ಬರೀರಿ ಅಂದ್ರ, ಇಷ್ಟ ವರ್ಷ ಅವರ ಹಂಗಿನ್ಯಾಗ ಕುಂತೀನಿ ಅಂದಂಗ. ಹಂಗ ಕುಂತಿಲ್ರಿ ನಾ."

ಎಂಟು ದಿನ ಮುಗಿಯಿತು. ಕಟ್ಟೆಗಳನ್ನು ಒಂದೇ ಬೆಳಿಗ್ಗೆಯಲ್ಲಿ ಒಡೆದರು. ನಾನು ಒಳಗೆ ಕುಳಿತು ಜೋಳ ಹಸನು ಮಾಡಿದೆ. ಹನ್ನೆರಡಕ್ಕೆ ಊಟ ಮಾಡಿದೆ. ಏನೂ ಅನ್ನಿಸಲಿಲ್ಲ, ಇವತ್ತಿಗೂ ಏನನ್ನಿಸಬೇಕಿತ್ತು ಎಂದು ಗೊತ್ತಿಲ್ಲ. ಆ ವಾರವೇ ಸುಷ್ಮಾಳ ಕಾಗದ ಬಂತು. ನಮ್ಮ ಓಣಿಯ ನಕಾಶೆಗೆ ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಂತೆ. ಅವಳ ತಪ್ಪಿಲ್ಲ. ಶುಭಾಶಯ ಬರೆದು ಹಾಕಿದೆ.

ಹುಸೇನಸಾಬ ಈಗ ಬಿಲ್ಲು ಹೆಗಲಿಗೇರಿಸಿ ಮತ್ತೆ ಹಳ್ಳಿ ತಿರುಗಲು ಮುಚ್ಚಂಡಿ, ಶೇಗಾಂವದ ಬಸ್ಸು ಹತ್ತುತ್ತಾನೆ. ಕುಂಟುತ್ತ ಬರುವಾಗ ನನ್ನನ್ನು ಕಂಡರೆ "ಆರಾಮ್ರಿ ಬಾಯಾರ?" ಅನ್ನುತ್ತಾನೆ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ತುಮಕೂರಿನವರಾಗಿದ್ದರೆ ಬಾಗಿಲಿಗೆ ಬಂದು ಬೈದು ಮುಗಿಸುತ್ತಿದ್ದರು. ಅಲ್ಲಿಗೆ ಮರಳಬಹುದಿತ್ತು. ಅಲ್ಲಿ ಈಗ ಜಗಲಿಯಲ್ಲಿ ಕೂರಲು ಕೇಳಬೇಕು ಎಂಬುದೇ ನನಗೆ ಕಷ್ಟ.

ಮೊನ್ನೆ ಹುಸೇನಸಾಬನ ಹೆಂಡತಿ ಬೀಬಿಜಾನಳನ್ನು ನೋಡಲು ಹೋದೆ. ಇಷ್ಟು ವರ್ಷ ನಾವು ಕಟ್ಟೆಯ ಮೇಲೆಯೇ ಮಾತಾಡಿದವರು; ಒಳಗೆ ಹೋಗಿದ್ದು ಅದೇ ಮೊದಲು. ಚಾಪೆ ಹಾಸಿದಳು. ಹೊಸ ಕಪ್ಪಿನಲ್ಲಿ ಚಹಾ ಕೊಟ್ಟಳು. ಹೊರಡುವಾಗ ಸೆರಗು ಸರಿಪಡಿಸಿಕೊಂಡು ಬಾಗಿಲವರೆಗೆ ಬಂದು, ಪರವೂರಿನ ನೆಂಟರಿಗೆ ಹೇಳುವ ಹಾಗೆ, "ಮತ್ತ ಬರ್ರಿ" ಅಂದಳು.

ಈ ಓಣಿಯಲ್ಲಿ ನನಗೆ ಯಾರೂ ಯಾವತ್ತೂ ಮತ್ತ ಬರ್ರಿ ಅಂದಿರಲಿಲ್ಲ.