ಕಾರಿನಡಿ ತೊಟ್ಟಿಕ್ಕಿದ ನೀರು

"ಯವ್ವಾ, ಕೆಳಗ ಸೋರಾಕತ್ತೈತಿ! ಏನ್ ಮಾಡಿಟ್ಟಿ?" ವಡಾಲದ ಬಿಲ್ಡಿಂಗೊಂದರ ಪಾರ್ಕಿಂಗ್‌ನಲ್ಲಿ ಅಪ್ಪ ನನ್ನತ್ತ ನೋಡಿ ಗಾಬರಿಯಿಂದ ಕೂಗಿದ. ಕಾರಿನ ಮಾಲೀಕರಾದ ಸಾಹೇಬರು ನೋಡುವ ಮೊದಲೇ ತನ್ನ ಒರೆಸುವ ಬಟ್ಟೆಯನ್ನು ಕಾರಿನಡಿ ತಳ್ಳಿದ.

ಆ ಕೆಂಪು ಸ್ಪೋರ್ಟ್ಸ್ ಕಾರನ್ನು ಅಪ್ಪ ಎಷ್ಟೋ ವರ್ಷಗಳಿಂದ ದಿನಾ ಬೆಳಿಗ್ಗೆ ಒರೆಸುತ್ತಾನೆ. ಅದರ ಹಳೆಯ ಎಸಿಗೆ ಬೇಕಾದ ಗ್ಯಾಸ್ ಈಗ ಸಿಗುವುದಿಲ್ಲವೆಂದು ಗ್ಯಾರೇಜಿನವರು ಕೈಚೆಲ್ಲಿದಾಗ, "ಮೇರಿ ಬೇಟಿ ಇಂಜಿನಿಯರ್ ಹೈ ಸಾಬ್, ಓ ಕರೇಗಿ" ಎಂದು, ಇಂಜಿನಿಯರ್ ಮಗಳು ಸರಿಮಾಡುತ್ತಾಳೆಂದು ಅವನೇ ಸಾಹೇಬರಿಗೆ ಮಾತು ಕೊಟ್ಟಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೊಬ್ಬಳೇ. ಎರಡು ಭಾನುವಾರ ಅಲ್ಲೇ ಕೂತು ಪೈಪುಗಳ ಹಳೆಯ ಎಣ್ಣೆ ತೊಳೆದೆ, ಸೀಲುಗಳನ್ನು ಬದಲಿಸಿದೆ, ಹೊಸ ಬಗೆಯ ಗ್ಯಾಸ್ ತುಂಬಿ ಈಗಷ್ಟೇ ಎಸಿ ಹಚ್ಚಿದ್ದೆ. ಕೆಟ್ಟರೆ ಹೋಗುವುದು ಅಪ್ಪನ ಮಾತು.

"ಅದು ಗಾಳಿಯೊಳಗಿನ ನೀರಪ್ಪಾ. ಎಸಿ ತಣ್ಣಗಾದ್ರನ ಹಂಗ ಬೀಳತೈತಿ" ಎಂದೆ. ಅವನು ನಂಬಲಿಲ್ಲ. ಸಾಹೇಬರು ನಕ್ಕು, ಬಾಗಿಲು ತೆಗೆದು ಅವನನ್ನೇ ಒಳಗೆ ಕೂರಿಸಿದರು. ಅಷ್ಟು ವರ್ಷ ಹೊರಗಿನಿಂದಲೇ ಒರೆಸಿದ ಗಾಜಿನ ಹಿಂದೆ ಅಪ್ಪ ಎರಡೂ ಅಂಗೈಗಳನ್ನು ತಣ್ಣನೆ ಗಾಳಿಗೆ ಹಿಡಿದು ಕೂತ. "ಭಾರೀ ಥಂಡಿ ಐತಿ ಬಿಡವಾ" ಎಂದ.

ಮರುವಾರ ವಾಚ್‌ಮನ್ ಅದೇ ಕಾರಿನಡಿಯ ನೀರು ತೋರಿಸಿದಾಗ ಅಪ್ಪ ಬಕೆಟ್ ಕೆಳಗಿಟ್ಟು, ಅದೇಕೆ ಬೀಳುತ್ತದೆಂದು ಅವನಿಗೆ ವಿವರಿಸುತ್ತಿದ್ದ. ನಾನು ಓದಿದ್ದರಲ್ಲಿ ಒಂದನ್ನು ಅಪ್ಪ ತಾನೇ ಇನ್ನೊಬ್ಬರಿಗೆ ಕಲಿಸುವುದನ್ನು ಅಂದೇ ಮೊದಲ ಸಲ ಕೇಳಿದೆ.