ಕಣ್ಣು ಒತ್ತಿಸುವ ಡಾಕ್ಟರು

ಆ ಬೀದಿಯ ಕಣ್ಣಿನ ಡಾಕ್ಟರ ಬಳಿ ಕನ್ನಡಕಕ್ಕೆಂದು ಹೋದ ಯಾರೂ ಪಾಠ ಕೇಳದೆ ಹೊರಬಂದದ್ದಿಲ್ಲ. “ಅಜ್ಜಿ, ನೋಡುವಾಗ ನಿಮ್ಮ ಕಣ್ಣುಗುಡ್ಡೆ ಅತ್ತಿತ್ತ ಕುಪ್ಪಳಿಸ್ತಾನೇ ಇರುತ್ತೆ. ಗೋಡೆ ಯಾಕೆ ಕುಪ್ಪಳಿಸಲ್ಲ, ಹೇಳಿ?” ಎಂದು ಶುರುಮಾಡುತ್ತಾರೆ. “ಗೋಡೆಗೇನು ಕಾಲಿದೆಯೇನಪ್ಪಾ?” ಎಂದು ಅಜ್ಜಿ ಕೇಳಿದರೆ ಅವರಿಗೆ ಹಿಗ್ಗೋ ಹಿಗ್ಗು. “ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ರೆಪ್ಪೆ ಅಂಚಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಗೋಡೆ ಅಲುಗ್ತಾ? ಕಣ್ಣು ತಾನಾಗಿ ಹೊರಟರೆ ಮಿದುಳಿಗೆ ಮೊದಲೇ ಗೊತ್ತಿರುತ್ತೆ, ಸರಿಮಾಡ್ಕೊಳ್ಳುತ್ತೆ. ಬೆರಳು ಹೇಳದೆ ಕೇಳದೆ ತಳ್ಳಿಬಿಡುತ್ತೆ ನೋಡಿ, ಅದಕ್ಕೇ ಗೋಡೆ ಅಲುಗೋದು!” ದಿನಸಿ ಅಂಗಡಿಯವನಿಗೆ, ಪೋಸ್ಟಿನವನಿಗೆ, ಕಡೆಗೆ ಊಟಕ್ಕೆ ಕೂತ ಬೀಗರಿಗೂ ಕಣ್ಣು ಒತ್ತಿಸಿದ ಮಹಾನುಭಾವರು. ಅವರು ಎದುರಾದರೆ ಜನ ತಾವಾಗಿಯೇ ಬೆರಳು ಎತ್ತುತ್ತಾರೆ. ಸಂಜೆ ಹೆಂಡತಿಯ ಜೊತೆ ವಾಕಿಂಗ್ ಹೋಗುವಾಗ ಮಾತ್ರ ಪಾಠವಿಲ್ಲ. ಕಿವಿಯೊಳಗೆ ಸಮತೋಲ ಕಾಯುವ ಭಾಗಕ್ಕೆ ಕಾಯಿಲೆಯೊಂದು ಬಂದುಹೋದ ಮೇಲೆ, ನಡೆಯುವಾಗ ಆಕೆಗೆ ಇಡೀ ಬೀದಿಯೇ ಕುಲುಕಾಡುತ್ತದೆ. ಎದುರು ಬಂದವರ ಮುಖ ಗುರುತು ಸಿಗುವುದಿಲ್ಲ. ನಿಂತರಷ್ಟೇ ಎಲ್ಲವೂ ನೆಟ್ಟಗಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಆಕೆಗೆ ಸಂಕೋಚ. ಹಾಗಾಗಿ ಪರಿಚಯದವರು ಕಂಡೊಡನೆ ಡಾಕ್ಟರು, “ತಾಳೇ, ಈ ಹಾಳು ಚಪ್ಪಲಿ!” ಎಂದು ಬಗ್ಗಿ ಪಟ್ಟಿ ಸರಿಮಾಡತೊಡಗುತ್ತಾರೆ. ಆಕೆ ನಿಂತು, ಬಂದವರನ್ನು ಕಣ್ತುಂಬ ನೋಡಿ, ಹೆಸರು ಹಿಡಿದು ಮಾತಾಡಿಸುತ್ತಾಳೆ. ಹೊಸ ಚಪ್ಪಲಿ ತಗೊಳ್ಳಿ ಎಂದು ಆಕೆ ಒಂದು ದಿನವೂ ಹೇಳಿಲ್ಲ.